ಕೋಳಿ ಔಷಧಕ್ಕೂ ಕ್ಯೂ

2020ರ ಜನವರಿ 31. ಕೊರೊನಾದಿಂದ ವುಹಾನ್ ನಗರಕ್ಕೆ ಬೀಗ ಬಿದ್ದು ಎಂಟು ದಿನವಾಗಿತ್ತು. ಅವತ್ತು ರಾತ್ರಿ ಚೀನಾದ ಸರ್ಕಾರಿ ಸುದ್ದಿ ಸಂಸ್ಥೆ ಷಿನ್‌ಹುವಾ ಒಂದು ಸಿಹಿ ಸುದ್ದಿ ಹಂಚಿತು. ಶಾಂಘೈ ಮತ್ತು ವುಹಾನ್‌ನ ಎರಡು ಸಂಶೋಧನಾ ಸಂಸ್ಥೆಗಳ ಪರೀಕ್ಷೆಯಲ್ಲಿ ‘ಶುವಾಂಗ್‌ಹುವಾಂಗ್‌ಲಿಯಾನ್’ ಎಂಬ ಮದ್ದು ಹೊಸ ವೈರಸ್ಸನ್ನು ತಡೆಯಬಲ್ಲದು ಎಂದು ಗೊತ್ತಾಗಿದೆಯಂತೆ!

ಹೆಸರು ಕೇಳಿ ಹೆದರಬೇಡಿ. ಹನಿಸಕಲ್ ಹೂವು, ಸ್ಕಲ್‌ಕ್ಯಾಪ್ ಬೇರು, ಫೋರ್ಸಿಥಿಯಾ ಕಾಯಿ ಸೇರಿಸಿ ಮಾಡಿದ ದ್ರವ ಅಷ್ಟೇ. ಅಲ್ಲಿನವರು ಶೀತ, ಗಂಟಲು ನೋವಿಗೆ ಕುಡಿಯುವಂಥದ್ದು. ನಮ್ಮ ಶುಂಠಿ-ಮೆಣಸಿನ ಕಷಾಯದ ದೂರದ ನೆಂಟ ಅನ್ನಿ.

ಸರಿ, ಗುಂಪು ಸೇರಬೇಡಿ ಎಂದು ಹೇಳಿಸಿಕೊಂಡಿದ್ದ ಜನ ಅದೇ ರಾತ್ರಿ ಔಷಧ ಅಂಗಡಿ ಮುಂದೆ ಸಾಲುಗಟ್ಟಿದರು. ವೈರಸ್ ತಡೆಯೋಕೆ! ಪಾಪ, ವೈರಸ್ಸಿಗೆ ಓಡಾಟದ ಶ್ರಮವೂ ಉಳಿಯಿತು. ಆನ್‌ಲೈನ್‌ನಲ್ಲೂ ಬೆಳಗಾಗುವಷ್ಟರಲ್ಲಿ ಮಾಲು ಖಾಲಿ. ಮನುಷ್ಯರದ್ದು ಮುಗಿದ ಮೇಲೆ ಕೋಳಿಗೆ, ದನಕರುಗಳಿಗೆ ಕೊಡುವ ಅದೇ ಹೆಸರಿನ ಮದ್ದಿಗೂ ಕೈ ಹಾಕಿದರು. ಹೆಸರು ಸ್ವಲ್ಪ ಹೋಲುತ್ತದೆ ಎಂಬ ಕಾರಣಕ್ಕೆ, ಮೊಟ್ಟೆಯ ಹಳದಿ ಮತ್ತು ತಾವರೆ ಬೀಜದ ಹೂರಣ ತುಂಬಿದ ಮೂನ್‌ಕೇಕ್ ಎಂಬ ಸಿಹಿತಿಂಡಿಗೂ ಗಿರಾಕಿಗಳು ಬಂದರಂತೆ. ಕನಿಷ್ಠ ಅದಕ್ಕೆ ರುಚಿಯಾದರೂ ಇದೆ.

ಅಲ್ಲ, ತಡೆದದ್ದು ಎಲ್ಲಿ? ಲ್ಯಾಬಿನಲ್ಲಿ, ಒಂದಿಷ್ಟು ಜೀವಕೋಶಗಳ ಮೇಲೆ. ಅವಕ್ಕೆ ಹೊಟ್ಟೆ ಇಲ್ಲ, ಲಿವರ್ ಇಲ್ಲ, ಬಿಪಿ-ಶುಗರ್ ಮೊದಲೇ ಇಲ್ಲ. ಸೋಪಿನ ನೀರು ಸುರಿದರೂ ಈ ವೈರಸ್ ಸಾಯುತ್ತದೆ. ಹಾಗಂತ ಬೆಳಗ್ಗೆ ಕಾಫಿಗೆ ಬದಲು ಒಂದು ಲೋಟ ಸೋಪಿನ ನೀರು ಕುಡಿಯೋಣವೇ?

ಪರೀಕ್ಷೆ ಮಾಡಿದ್ದು ತಪ್ಪಲ್ಲ. ಗಿಡಮೂಲಿಕೆಯಲ್ಲಿ ಏನೂ ಇಲ್ಲ ಅನ್ನೋದೂ ತಪ್ಪು. ಅದೇ ಚೀನಾದ ವಿಜ್ಞಾನಿ ತು ಯೂಯೂ ಹಳೇ ವೈದ್ಯಗ್ರಂಥದ ಒಂದು ಸಾಲು ಹಿಡಿದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಎಂಬ ಮದ್ದು ಹುಡುಕಿದರು. ಆದರೆ 1971ರಲ್ಲಿ ಇಲಿಗಳ ಮೇಲೆ ಗೆದ್ದ ತಕ್ಷಣ ಅವರು ಊರಿಗೆಲ್ಲ ಡಂಗುರ ಹೊಡೆಯಲಿಲ್ಲ. ಮೊದಲು ತಾವೇ ಸೇವಿಸಿ ನೋಡಿದರು. ಆಮೇಲೆ ರೋಗಿಗಳಿಗೆ ಕೊಟ್ಟರು. ನೊಬೆಲ್ ಬಂದದ್ದು 2015ರಲ್ಲಿ. ಇಲ್ಲಿ ಲ್ಯಾಬಿಂದ ಅಂಗಡಿಗೆ ಒಂದೇ ರಾತ್ರಿಯ ದಾರಿ!

ಷಿನ್‌ಹುವಾ ಸುದ್ದಿಯ ಮಾರನೇ ದಿನ ಸರ್ಕಾರಿ ಮಾಧ್ಯಮದ ರಾಗ ಬದಲಾಯಿತು. ತಡೆಯುತ್ತದೆ ಅಂದರೆ ವಾಸಿ ಮಾಡುತ್ತದೆ ಅಂತಲ್ಲ, ನೀವಾಗಿಯೇ ಕುಡಿಯಬೇಡಿ ಎಂದು ಬುದ್ಧಿ ಹೇಳಿತು. ಯಾರಿಗೆ? ಬಾಟಲಿಗಳು ಆಗಲೇ ಮನೆ ಸೇರಿದ್ದವು. ಆ ವಾರ ಕೆಮ್ಮಿದ ಕೋಳಿಗಳಿಗೆ ಏನು ಕುಡಿಸಿದರೋ, ಅದನ್ನು ಮಾತ್ರ ಯಾರೂ ವಿಚಾರಿಸಿದ ಹಾಗಿಲ್ಲ.