ಆಚೆ ದಡದ ನೆಮ್ಮದಿ

"ಸೇತುವೆ ಕಟ್ಟಿ ಎಲ್ಲಾ ಹಾಳು ಮಾಡಿಬಿಟ್ರು ಸಾರ್!"

ಶರಾವತಿ ಹಿನ್ನೀರಿನಾಚೆಯ ಸಿಗಂದೂರು ದೇವಸ್ಥಾನಕ್ಕೆ ಹೋಗಿಬಂದ ನಮ್ಮ ಅಪಾರ್ಟ್‌ಮೆಂಟಿನವರೊಬ್ಬರು ಲಿಫ್ಟಿನಲ್ಲಿ ಸಿಕ್ಕಿ ಗೋಳಾಡಿದರು. ಮೊದಲು ನೀರು ದಾಟಿಸುತ್ತಿದ್ದ ಲಾಂಚಿನ ಮಜಾನೇ ಬೇರೆ ಇತ್ತಂತೆ. ಆ ನೀರು, ಆ ಗಾಳಿ, ಆ ನಿಧಾನ. ಅಲ್ಲಿಯ ಜನರ ಮುಖದಲ್ಲಿ ಎಂಥಾ ನೆಮ್ಮದಿ! "ಖುಷಿಯಾಗಿರೋದನ್ನ ನಾವು ಅವರಿಂದ ಕಲೀಬೇಕು" ಅನ್ನುತ್ತಾ ಎರಡನೇ ಮಹಡಿಯಲ್ಲಿ ಇಳಿದರು. ಮೆಟ್ಟಿಲು ಹತ್ತುವ ನಿಧಾನ ಯಾಕೋ ಅವರಿಗೆ ಹೊಳೆದಿರಲಿಲ್ಲ.

ಹೊಳೆಯಾಚೆ ನನ್ನ ಅಕ್ಕನ ಮನೆ ಇದೆ. ಅದಕ್ಕೇ ನನಗೆ ಸ್ವಲ್ಪ ಜಾಸ್ತಿ ಉರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ಕರೆಂಟು ಸಿಕ್ಕಿತು, ಅಕ್ಕನ ಊರಿನ ಕಡೆಗೆ ಹಿನ್ನೀರು ಬಂದು ದಾರಿ ಮುಳುಗಿತು.

ಒಮ್ಮೆ ಅಕ್ಕನ ಮನೆಯ ಪೂಜೆಗೆ ಹೂವು ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದಾರಿಯಲ್ಲಿ ಸಾಗರ ಪೇಟೆಯಲ್ಲಿ ಮಸಾಲೆ ದೋಸೆ ಕಂಡಿತು. ಕೊನೆಯ ಲಾಂಚ್ ತಪ್ಪಿತು. ಲಾಂಚ್ ಹೊರಡುತ್ತಿದ್ದ ಹೊಳೆಬಾಗಿಲಿಗೆ ಬಂದು ನೋಡಿದರೆ ಆಚೆ ದಡದಲ್ಲಿ ಒಂದು ಜೀಪಿನ ಬೆಳಕು. ಭಾವ! ಫೋನಿಗೆ ಸಿಗ್ನಲ್ ಇಲ್ಲ. ಅವರು ಲೈಟು ಎರಡು ಸಲ ಹಾಕಿ ಆರಿಸಿದರು. ನಾನು ಕಾರಿನ ಲೈಟು ಮೂರು ಸಲ ಹಾಕಿದೆ. ಅವರು ಮತ್ತೆರಡು. ನಾನು ಮತ್ತೆ ಮೂರು. ಬಹಳ ಹೊತ್ತು ನಡೆಯಿತು ಈ ಸಂಭಾಷಣೆ. ಆಮೇಲೆ ಜೀಪು ತಿರುಗಿ ಹೋಯಿತು. ನಾನು ಕಾರಿನಲ್ಲೇ ಮಲಗಿದೆ. ರಾತ್ರಿಯಿಡೀ ಸೊಳ್ಳೆ, ಮಲ್ಲಿಗೆಯ ಘಮ, ದೋಸೆಯ ತೇಗು.

ಬೆಳಿಗ್ಗೆ ಮೊದಲ ಲಾಂಚಿಗೆ ಹೋದೆ. ದೇವರ ಮುಂದೆ ಆಗಲೇ ಬುಟ್ಟಿ ತುಂಬಾ ದಾಸವಾಳ.

"ಹೂವು ತಂದಿದೀಯಾ ಅಂತ ಎರಡು ಸಲ ಲೈಟ್ ಹಾಕಿ ಕೇಳಿದೆ ಮಾರಾಯ. ನೀನು ಮೂರು ಸಲ ಹಾಕಿದ್ಯಲ್ಲ, ಇಲ್ಲ ಅಂದ್ಕೊಂಡೆ" ಎಂದರು ಭಾವ.

ಎಲ್ಲರೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. "ನಿಂಗೆ ಹೂವು ತಪ್ತು. ರಾತ್ರಿ ಹೆರಿಗೆ ನೋವು ಬಂದೋರಿಗೆ?" ಎಂದು ಒಳಗೆ ಹೋದಳು. ಪ್ರವಾಸಿಗರಿಗೆ ಕಾಣುವ ನೆಮ್ಮದಿಯ ಮುಖ ಅವಳದೂ ಹೌದು. ಮನೆಗೆ ನೆಂಟರು ಬಂದಾಗ ಯಾರು ತಾನೆ ಮುಖ ಗಂಟು ಹಾಕಿಕೊಂಡಿರುತ್ತಾರೆ, ಅಲ್ವಾ?

2025ರ ಜುಲೈನಲ್ಲಿ ಸೇತುವೆ ಓಡಾಟಕ್ಕೆ ತೆರೆಯಿತು. ಆ ವಾರವೇ ಭಾವ ಸಂಜೆ ಸಾಗರಕ್ಕೆ ಹೋಗಿಬಂದರಂತೆ. ಏನು ಕೆಲಸವಿತ್ತು ಅಂತ ಫೋನಿನಲ್ಲಿ ಕೇಳಿದೆ.

"ಎಂಥದೂ ಇಲ್ಲ. ರಾತ್ರಿ ಒಂಬತ್ತಕ್ಕೆ ವಾಪಸ್ ಬರಬೇಕಿತ್ತು, ಅದಕ್ಕೇ ಹೋಗಿದ್ದೆ. ಸುಮ್ನೆ ಒಂದು ಮಸಾಲೆ ದೋಸೆ ತಿಂದೆ."

"ಹೇಗಿತ್ತು?"

"ತಣ್ಣಗಿತ್ತು. ನಾಳೆ ಇನ್ನೊಂದು ಹೋಟೆಲಿಗೆ ಹೋಗ್ತೀನಿ."