45 ಮೀಟರ್ ದಾಟಲು 2.8 ಕಿಲೋಮೀಟರ್

ಇಂದು ಸಂಜೆ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮನೆಗೆ ಮರಳುವಾಗ ಹೆದ್ದಾರಿಯ ಸರ್ವಿಸ್ ರೋಡಿನ ಬದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಕೊಡೆ ಎತ್ತಿ ನನ್ನ ಕಾರು ನಿಲ್ಲಿಸಿದರು. ಅವರ ಇನ್ನೊಂದು ಕೈಯಲ್ಲಿ ಎಳ್ಳೆಣ್ಣೆಯ ಸಣ್ಣ ಬಾಟ್ಲಿ ಮತ್ತು ಬಾಳೆಲೆಯಲ್ಲಿ ಸುತ್ತಿದ ಕೇಪಳ ಹೂವಿತ್ತು. "ಆ ಹೊಡೆಂಗೆ ಹೋಪದು ಹೇಂಗೆ ಮಗಾ?" ಎಂದು, ಆ ಬದಿಗೆ ಹೋಗುವುದು ಹೇಗೆಂದು ಕೇಳಿದರು. ಅವರು ಹೋಗಬೇಕಾಗಿದ್ದ ದೇವಸ್ಥಾನದ ಅಶ್ವತ್ಥ ಮರದ ತುದಿ ಎದುರಿನ ಕಾಂಕ್ರೀಟು ಗೋಡೆಯ ಮೇಲಿಂದ ಕಾಣಿಸುತ್ತಿತ್ತು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಐವತ್ತೆಂಟು ವರ್ಷ ಇದೇ ಊರಿನಲ್ಲಿ ಕಳೆದವನು, ಅದರಲ್ಲಿ ಮೂವತ್ತು ವರ್ಷ ಇದೇ ರಸ್ತೆಯ ಬದಿಯಲ್ಲಿ ಶಾಲೆಯ ಬಸ್ಸಿಗೆ ಕಾದವನು, ನನ್ನ ಊರಿನಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವ ದಾರಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಬೇಕಾಯಿತು.

ಹಿಂದೆ ಹದಿನೇಳು ಎಂದು ಕರೆಯುತ್ತಿದ್ದ, 2010ರಲ್ಲಿ ಅರುವತ್ತಾರು ಎಂದು ಸಂಖ್ಯೆ ಬದಲಾದ ಈ ರಾಷ್ಟ್ರೀಯ ಹೆದ್ದಾರಿಯ ಹೊಸ ಅವತಾರಕ್ಕೆ 45 ಮೀಟರ್ ಅಗಲವಿದೆ. ನಡುವೆ ಆರು ಪಥಗಳು, ಎರಡು ಕಡೆ ಸರ್ವಿಸ್ ರೋಡು. ಕರ್ನಾಟಕ ಗಡಿಯ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರನ್ನು ಎಷ್ಟು ನಿಮಿಷದಲ್ಲಿ ಮುಗಿಸಬಹುದು ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಅದನ್ನು ಅಡ್ಡ ದಾಟಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕವನ್ನು ಯೋಜನೆ ಮಾಡಿದವರು ಯಾವ ಕಾಗದದಲ್ಲಿ ಬರೆದಿಟ್ಟಿದ್ದಾರೋ ನನಗೆ ಇನ್ನೂ ಕಾಣಸಿಕ್ಕಿಲ್ಲ.

ನಮ್ಮ ಕರಾವಳಿಯ ಬದುಕು ಉತ್ತರ–ದಕ್ಷಿಣವಾಗಿ ಹರಡಿಕೊಂಡದ್ದಲ್ಲ. ಪೂರ್ವಕ್ಕೆ ಗುಡ್ಡ, ಅದರ ಬುಡದಲ್ಲಿ ಅಡಿಕೆ ತೋಟ, ಅದರಾಚೆ ಬೈಲು, ಪಶ್ಚಿಮಕ್ಕೆ ರೈಲು ನಿಲ್ದಾಣ, ಮೀನು ಮಾರುಕಟ್ಟೆ, ಕಡಲು. ತೋಟದವನು ಪೇಟೆಗೆ ಬರುವುದೂ ಮೀನು ಮಾರುವವಳು ಬುಟ್ಟಿ ಹೊತ್ತು ಮನೆಮನೆಗೆ ಹೋಗುವುದೂ ಮಕ್ಕಳು ಮದರಸಕ್ಕೂ ಶಾಲೆಗೂ ನಡೆಯುವುದೂ ಹೆಚ್ಚಾಗಿ ಪೂರ್ವ–ಪಶ್ಚಿಮ ದಿಕ್ಕಿನಲ್ಲಿ. ಮಳೆನೀರು ಕೂಡ ಅದೇ ದಿಕ್ಕಿನಲ್ಲಿ ಹರಿಯುತ್ತದೆ. ರಸ್ತೆಯೊಂದು ಮಾತ್ರ ಇವೆಲ್ಲಕ್ಕೂ ಅಡ್ಡಲಾಗಿ ಹೋಗುತ್ತದೆ. 1907ರಲ್ಲಿ ಮಂಗಳೂರು ಮುಟ್ಟಿದ ರೈಲು ಹಳಿಯೂ ಹೀಗೆಯೇ ಅಡ್ಡ ಬಂದದ್ದು ನಿಜ, ಆದರೆ ರೈಲು ಹೋದ ಮೇಲೆ ಹಳಿ ದಾಟಬಹುದಿತ್ತು. ಆರ್‌ಇ ವಾಲ್ ಎಂದು ಇಂಜಿನಿಯರುಗಳು ಕರೆಯುವ, ಮಣ್ಣು ತುಂಬಿ ಎರಡು ಬದಿಗೆ ಕಾಂಕ್ರೀಟು ಫಲಕಗಳನ್ನು ಜೋಡಿಸಿದ ಈ ದಿಬ್ಬವನ್ನು ದಾಟಲು ಯಾವ ಹೊತ್ತೂ ಒಳ್ಳೆಯ ಹೊತ್ತಲ್ಲ.

ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್ ಹೊಳೆಗಳಿಗೆ ಹೊಸ ಸೇತುವೆ ಬೇಕೆಂದು ಯಾರೂ ಪಂದಲು ಹಾಕಿ ಸಮರ, ಅಂದರೆ ಹೋರಾಟ, ಮಾಡಬೇಕಾಗಲಿಲ್ಲ. ನೀರು ಕಂಡಲ್ಲಿ ಸೇತುವೆ ಬೇಕೆಂಬುದು ನಕ್ಷೆ ಬರೆಯುವವರಿಗೆ ತಾನಾಗಿ ತಿಳಿಯುತ್ತದೆ, ಏಕೆಂದರೆ ಅಲ್ಲಿ ದಾಟಬೇಕಾದದ್ದು ವಾಹನ. ಜನ ದಾಟುವ ಜಾಗದಲ್ಲಿ ಅಂಡರ್‌ಪಾಸ್ ಬೇಕೆಂದು ತಿಳಿಸಲು ಮಾತ್ರ ಊರಿಗೊಂದು ಸಮರ ಸಮಿತಿ, ಅದಕ್ಕೊಬ್ಬ ಸಂಚಾಲಕ, ಅವರ ಮನವಿ, ಅದರ ಮೇಲೊಂದು ಧರಣಿ ಬೇಕಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಮೆಟ್ಟಿಲಿನ ಮೇಲ್ಸೇತುವೆಯೊಂದನ್ನು ಕೊಡುತ್ತೇವೆ ಎನ್ನುತ್ತಾರೆ. ಮೊಣಕಾಲು ನೋವಿನವರಿಗೆ ಅದು ಇನ್ನೊಂದು ಗುಡ್ಡ.

ಕಾಸರಗೋಡು ಪೇಟೆಯಲ್ಲಿ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯವರೆಗೆ ಒಂದೇ ಸಾಲು ಕಂಬಗಳ ಮೇಲೆ ಆರು ಪಥಗಳನ್ನೂ ಹೊತ್ತ ಫ್ಲೈಓವರ್ ಇದೆ. ಅದು ನನಗೆ ನಿಜವಾಗಿಯೂ ಇಷ್ಟವಾಯಿತು, ಇದರಲ್ಲಿ ವ್ಯಂಗ್ಯವಿಲ್ಲ. ಕೆಳಗೆ ಜನ ನಡೆಯುತ್ತಾರೆ, ಗಾಳಿ ಬೀಸುತ್ತದೆ, ಆಚೆಯ ಅಂಗಡಿ ಈಚೆಗೆ ಕಾಣುತ್ತದೆ. ಹಾಗಾದರೆ ಊರನ್ನು ಸೀಳದೆ ರಸ್ತೆ ಕಟ್ಟುವ ವಿದ್ಯೆ ಇವರಿಗೆ ಗೊತ್ತೇ ಇದೆ. ಪೇಟೆಗೆ ಕಂಬ ಸಿಕ್ಕಿತು, ಕಂಬಕ್ಕಿಂತ ಮಣ್ಣು ಅಗ್ಗ ಎಂಬ ಒಂದೇ ಕಾರಣಕ್ಕೆ ನಮಗೆ ಗೋಡೆ ಸಿಕ್ಕಿತು. ಅಗ್ಗವೆಂದರೆ ಎಷ್ಟು ಅಗ್ಗ ಎಂಬುದನ್ನು 2025ರ ಮೇ ತಿಂಗಳಲ್ಲಿ ಇದೇ ಹೆದ್ದಾರಿಯಲ್ಲಿ, ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಎಲ್ಲರೂ ನೋಡಿದರು. ಗದ್ದೆಯ ಮೆದು ಮಣ್ಣಿನ ಮೇಲೆ ಎತ್ತರಕ್ಕೆ ಪೇರಿಸಿದ ದಿಬ್ಬ ಕುಸಿದು ಬಿತ್ತು. ಆಮೇಲೆ ಅಲ್ಲಿಗೆ ಕಂಬಗಳ ಮೇಲಿನ ಸೇತುವೆಯೇ ಆಗಬೇಕೆಂದು ತೀರ್ಮಾನವಾಯಿತು. ಬೈಲಿನಲ್ಲಿ ಮಳೆಗಾಲದ ನೀರು ಎಲ್ಲಿ ನಿಲ್ಲುತ್ತದೆಂದು ಅಲ್ಲಿ ನಟ್ಟಿ ಮಾಡುವವರನ್ನು ಕೇಳಿದ್ದರೆ ಒಂದು ಚಹಾದ ಖರ್ಚಿನಲ್ಲಿ ತಿಳಿಯುತ್ತಿತ್ತು.

ಅಭಿವೃದ್ಧಿಗೆ ಅಡ್ಡ ಬರಬೇಡಿ ಮಾಸ್ಟ್ರೇ, ಹೊಂಡ ಬಿದ್ದ ಹಳೆಯ ರಸ್ತೆ ಮರೆತುಹೋಯಿತೇ ಎಂದು ಕೆಲವರು ಈಗಾಗಲೇ ಬೆರಳು ಮಸೆಯುತ್ತಿರಬಹುದು. ಮರೆತಿಲ್ಲ. ದೊಡ್ಡ ಆಸ್ಪತ್ರೆಗೆ ಇಂದಿಗೂ ನಮಗೆ ಮಂಗಳೂರೇ ಗತಿ. 2020ರಲ್ಲಿ ಕೊರೋನಾ ಬಂದು ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿಯ ಬೆಲೆ ಎಷ್ಟೆಂದು ಈ ಜಿಲ್ಲೆಯಷ್ಟು ನೋವುಂಡು ಕಲಿತವರು ಬೇರೆ ಯಾರೂ ಇರಲಾರರು. ಮಂಗಳೂರು ಬೆಳೆಯುತ್ತ ಗಡಿಯವರೆಗೂ ಬಂದಿರುವಾಗ ಅಗಲವಾದ ರಸ್ತೆ ಬೇಕೇ ಬೇಕು. ಆದರೆ ಗೋಡೆಯ ಪಶ್ಚಿಮಕ್ಕಿರುವ ಮನೆಯ ರೋಗಿಯನ್ನು ಹೊತ್ತ ಆಂಬುಲೆನ್ಸು ಆರು ಪಥದ ಮೇಲೆ ಹಾರುವ ಮೊದಲು ಇಕ್ಕಟ್ಟಿನ ಸರ್ವಿಸ್ ರೋಡಿನಲ್ಲಿ, ಎದುರಿನಿಂದ ಬರುವ ಬಸ್ಸಿಗೆ ದಾರಿ ಬಿಡುತ್ತ, ತೆರೆದ ಜಾಗವನ್ನು ಹುಡುಕಿಕೊಂಡು ಹೋಗಬೇಕು. ಅಗಲದ ಬಗ್ಗೆ ನನಗೆ ತಕರಾರಿಲ್ಲ, ತಕರಾರಿರುವುದು ಅಡ್ಡ ದಾರಿಯ ಬಗ್ಗೆ.

ಇನ್ನೊಂದು ಮಾತನ್ನು ಹೇಳದೆ ಇದ್ದರೆ ರಾತ್ರಿ ನಿದ್ದೆ ಬಾರದು. ಈ ರಸ್ತೆಗೆ ನಮ್ಮ ಐದು ಸೆಂಟ್ಸ್ ಜಾಗವೂ ಹೋಗಿದೆ. ಜಾಗ ವಶಪಡಿಸಿಕೊಳ್ಳುತ್ತೇವೆಂದು ತಿಳಿಸುವ, ಹೆದ್ದಾರಿ ಕಾಯಿದೆಯ ತ್ರೀ ಎ ನೋಟಿಫಿಕೇಶನ್ ಬಂದ ಮೇಲೆ ಆಕ್ಷೇಪ ಹೇಳಲು ಇಪ್ಪತ್ತೊಂದು ದಿನ ಅವಕಾಶವಿತ್ತು. ಮೂರು ಪುಟಗಳ ಅರ್ಜಿಯನ್ನು ನಾನೇ ಅಕ್ಷರ ತಿದ್ದಿ ಬರೆದೆ. ಅದರಲ್ಲಿ ಏಳು ತೆಂಗಿನಮರ, ಒಂದು ಬಾವಿ, ಮುರಕಲ್ಲಿನ ಕಂಪೌಂಡು, ಎಲ್ಲವೂ ಇದ್ದವು. ಅಜ್ಜಿ ಕೇಳಿದ ಪ್ರಶ್ನೆಯೊಂದು ಇರಲಿಲ್ಲ. ಪರಿಹಾರ ಒಳ್ಳೆಯದೇ ಸಿಕ್ಕಿತು, ಸುಳ್ಳು ಹೇಳಲಾರೆ. ಕಳೆದ ತಿಂಗಳು ಇದೇ ಹೊಸ ರಸ್ತೆಯಲ್ಲಿ ನೂರರ ಮೇಲೆ ಕಾರು ಓಡಿಸುತ್ತಿದ್ದಾಗ, ನಡುವಿನ ತಡೆಗೋಡೆ ಹತ್ತಿ ದಾಟುತ್ತಿದ್ದ ಹುಡುಗರಿಗೆ ಕಿಟಕಿ ಇಳಿಸಿ ಬೈದವನೂ ನಾನೇ.

ಅಜ್ಜಿಯನ್ನು ಕಾರಿಗೆ ಹತ್ತಿಸಿಕೊಂಡು ಉತ್ತರಕ್ಕೆ ಹೋಗಿ, ಅಂಡರ್‌ಪಾಸಿನಲ್ಲಿ ನಿಂತ ಕೆಂಪು ನೀರನ್ನು ಹಾದು, ಮತ್ತೆ ದಕ್ಷಿಣಕ್ಕೆ ತಿರುಗಿ ದೇವಸ್ಥಾನದ ಎದುರು ಇಳಿಸಿದೆ. ಮೀಟರು 2.8 ಕಿಲೋಮೀಟರ್ ತೋರಿಸಿತು. ಅಷ್ಟರಲ್ಲಿ ದೀಪಾರಾಧನೆ ಮುಗಿದು, ಪ್ರಸಾದ ಹಂಚುತ್ತಿದ್ದರು. ಅಜ್ಜಿ ಎಣ್ಣೆಯ ಬಾಟ್ಲಿಯನ್ನು ಸೆರಗಿನಲ್ಲಿ ಒರಸಿ, ಕಾರಿನ ಬಾಗಿಲು ಹಾಕುವ ಮೊದಲು ಬಗ್ಗಿ, ನಾಳೆಯೂ ಇದೇ ಹೊತ್ತಿಗೆ ಈ ದಾರಿಯಾಗಿ ಬರುತ್ತೀಯಾ ಎಂದು ಕೇಳಿದರು.