ವಯಸ್ಸೊಂದೇ ಕಂಡಿತೇ ನಿಮಗೆ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ನಮ್ಮ ಹಳೆಯ ಆಟಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಪುಣ್ಯಾತ್ಮರು ಒಂದು ವಿಡಿಯೊ ಹಾಕಿದ್ದಾರೆ. 2025ರ ಡಿಸೆಂಬರ್ 14ರಂದು ರಾಟರ್‌ಡ್ಯಾಮಿನಲ್ಲಿ ನಡೆದ ಮಹಿಳಾ ಹ್ಯಾಂಡ್‌ಬಾಲ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲಿನ ತುಣುಕುಗಳು. ನಾರ್ವೆ 23, ಜರ್ಮನಿ 20. ಕೈಯಿಂದ ಚೆಂಡು ಎಸೆದು ಹೊಡೆದ ಗೋಲುಗಳನ್ನು ಒಂದಾದ ಮೇಲೊಂದು ಪೋಣಿಸಿದ್ದಾರೆ. ತಡೆದ ಚೆಂಡುಗಳು? ಒಂದೋ ಎರಡೋ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಹೋಗುತ್ತವೆ. ಕೊನೆಗೆ ನಾರ್ವೆಯ ಗೋಲ್‌ಕೀಪರ್ ಮುಖವನ್ನು ತೆರೆಯ ತುಂಬ ತೋರಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ‘45 ವರ್ಷ!’ ಎಂದು ಬರೆದಿದ್ದಾರೆ. ಹೆಸರು ಕೂಡ ಇಲ್ಲ. ಅದರ ಕೆಳಗೆ ನಮ್ಮವರ ಕೈಮುಗಿಯುವ ಚಿತ್ರಗಳ ಸಾಲು. ‘ಈ ವಯಸ್ಸಿನಲ್ಲೂ!’ ‘ಒಂದು ಮಗುವಿನ ತಾಯಿಯಂತೆ!’ ‘ವಯಸ್ಸು ಬರೀ ಸಂಖ್ಯೆ!’

ಸಂಖ್ಯೆ ಬರೀ ಸಂಖ್ಯೆಯಾಗಿದ್ದರೆ ಅದನ್ನೇ ಏಕೆ ದಪ್ಪ ಅಕ್ಷರದಲ್ಲಿ ಬರೆದಿರಿ ಎಂದು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಸಮಯವಿದ್ದವರು ಓದಿ.

ಆಕೆಯ ಹೆಸರು ಕತ್ರಿನೆ ಲುಂಡೆ. ನನ್ನನ್ನು ಬಲ್ಲವರಿಗೆ ಈ ಹೆಸರು ಹೊಸದಲ್ಲ; ಎಷ್ಟು ಸಲ ಕೊರೆದಿದ್ದೇನೆಂದರೆ, ನಮ್ಮ ಮನೆಯಲ್ಲಿ ‘ನಿನ್ನ ನಾರ್ವೆಯವಳು’ ಎಂದರೆ ಸಾಕು, ಎಲ್ಲರಿಗೂ ಗೊತ್ತು. ನಾರ್ವೆಯ ದಕ್ಷಿಣ ತುದಿಯ ಕ್ರಿಸ್ಟಿಯಾನ್‌ಸಾಂಡ್ ಊರಿನವಳು. 1980ರ ಮಾರ್ಚಿನಲ್ಲಿ ಹುಟ್ಟಿದ ಅವಳಿ ಮಕ್ಕಳಲ್ಲಿ ಒಬ್ಬಳು. ಇನ್ನೊಬ್ಬಳು ಕ್ರಿಸ್ಟಿನೆ, ಆಕೆಯೂ ದೇಶಕ್ಕೆ ಆಡಿದವಳು, ಮೈದಾನದ ನಡುವೆ ನಿಂತು ಆಟ ಕಟ್ಟುವವಳು. ಡೆನ್ಮಾರ್ಕಿನ ಕ್ಲಬ್ಬುಗಳಲ್ಲಿ ಇಬ್ಬರೂ ಜೊತೆಗೇ ಆಡಿದರು. ಒಬ್ಬಳು ಗೋಲು ಹೊಡೆಸುವವಳು, ಒಬ್ಬಳು ಗೋಲು ತಡೆಯುವವಳು.

ಈಗ ಆ ‘45’ರ ಹಿಂದೆ ಏನಿದೆ ನೋಡಿ. 2002ರಲ್ಲಿ ದೇಶದ ತಂಡಕ್ಕೆ ಬಂದಳು. ಒಲಿಂಪಿಕ್ಸಿನಲ್ಲಿ 2008, 2012 ಮತ್ತು 2024ರಲ್ಲಿ ಚಿನ್ನ. ನಡುವಿನ ರಿಯೊ ಮತ್ತು ಟೋಕಿಯೊದಲ್ಲಿ ಕಂಚು. ಐದು ಒಲಿಂಪಿಕ್ಸಿಗೆ ಹೋದಳು, ಒಂದರಿಂದಲೂ ಬರಿಗೈಯಲ್ಲಿ ಬರಲಿಲ್ಲ. ವಿಶ್ವ ಚಾಂಪಿಯನ್ ಪಟ್ಟ 2011, 2021, 2025ರಲ್ಲಿ. ಯುರೋಪಿಯನ್ ಚಾಂಪಿಯನ್‌ಷಿಪ್ಪಿನ ಮೊದಲ ಚಿನ್ನ 2004ರಲ್ಲಿ ಬಂದರೆ, 2024ರಲ್ಲೂ ಅದೇ ಕೊರಳಿಗೆ ಚಿನ್ನ ಬಿತ್ತು. ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗನ್ನು ಏಳು ಬಾರಿ ಗೆದ್ದಿದ್ದಾಳೆ: ಡೆನ್ಮಾರ್ಕಿನ ವಿಬೋರ್ಗ್‌ಗೆ ಎರಡು, ಹಂಗೆರಿಯ ಗ್ಯೋರ್‌ಗೆ ಎರಡು, ತನ್ನ ಊರಿನ ವೈಪರ್ಸ್‌ಗೆ ಮೂರು. ದೇಶಕ್ಕಾಗಿ 350ಕ್ಕೂ ಹೆಚ್ಚು ಪಂದ್ಯ. ಇಷ್ಟೆಲ್ಲ ಇಟ್ಟುಕೊಂಡು ವಯಸ್ಸೊಂದನ್ನು ಹೆಕ್ಕಿ ತೆಗೆಯುವುದಕ್ಕೆ ವಿಶೇಷ ಪ್ರತಿಭೆಯೇ ಬೇಕು.

ನನ್ನ ತಕರಾರು ಇಷ್ಟೇ. ‘ಈ ವಯಸ್ಸಿನಲ್ಲೂ’ ಎನ್ನುವುದು ಹೊಗಳಿಕೆಯ ವೇಷ ಹಾಕಿದ ಅಸಡ್ಡೆ. ಆಕೆ ಏನು ಮಾಡಿದಳು ಎಂದು ನೋಡುವ ಗೋಜಿಗೇ ಹೋಗದೆ, ಇನ್ನೂ ನಿಂತಿದ್ದಾಳಲ್ಲ ಎಂದು ಬೆರಗುಪಡುವುದು. ಹಳೆಯ ಗೋಡೆ ಗಡಿಯಾರ ಇನ್ನೂ ನಡೆಯುತ್ತಿದೆಯಲ್ಲ ಎನ್ನುವ ಹಾಗೆ.

ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನ ಸಹೋದ್ಯೋಗಿ ಮಧ್ಯಾಹ್ನ ಊಟದ ಹೊತ್ತಿಗೆ ಹೇಳಿದರು: “ಅಲ್ಲಾ ಮೇಡಂ, ಗೋಲ್‌ಕೀಪರ್ ಅಂದರೆ ನಿಂತೇ ಇರುವುದಲ್ಲವೇ? ಓಡುವವರಿಗೆ ವಯಸ್ಸು ಕಷ್ಟ, ನಿಲ್ಲುವವರಿಗೇನು?” ನನ್ನ ತುತ್ತು ಗಂಟಲಲ್ಲೇ ನಿಂತಿತು. ಒಳ್ಳೆಯ ಮನುಷ್ಯ, ಜಗಳ ಬೇಡವೆಂದು ಮಜ್ಜಿಗೆ ಕುಡಿದು ಎದ್ದೆ. ಅವರೂ ಇಲ್ಲಿ ಗೆಳೆಯರ ಪಟ್ಟಿಯಲ್ಲಿದ್ದಾರೆ. ಸರ್, ಉತ್ತರ ಇಲ್ಲಿದೆ.

ಹ್ಯಾಂಡ್‌ಬಾಲ್ ಗೋಲು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಗೋಲಿನ ಮುಂದಿನ ಆರು ಮೀಟರಿನ ಗೆರೆಯ (ಅದರೊಳಗೆ ಗೋಲ್‌ಕೀಪರ್ ಮಾತ್ರ ಕಾಲಿಡಬಹುದು) ಹೊರಗೆ ನೆಲ ಒದ್ದು ಹಾರಿದವಳು ಗಾಳಿಯಲ್ಲೇ ಗೆರೆ ದಾಟಿ ಇನ್ನೂ ಹತ್ತಿರ ಬಂದು ಎಸೆಯುತ್ತಾಳೆ. ಒಂಬತ್ತು ಮೀಟರಿನಿಂದ ಎಸೆದ ಚೆಂಡೂ ಗೋಲು ಮುಟ್ಟುವುದಕ್ಕೆ ಅರ್ಧ ಸೆಕೆಂಡು ತೆಗೆದುಕೊಳ್ಳುವುದಿಲ್ಲ. ಕೈಗೆ ಗ್ಲೌಸ್ ಇಲ್ಲ. ಚೆಂಡಿಗೆ ಅಂಟು ಬಳಿದಿರುತ್ತಾರೆ, ಹಿಡಿತ ಸಿಗಲೆಂದು. ಆ ಅಂಟು ಹತ್ತಿದ ಚೆಂಡು ಮುಂಗೈಗೆ ಬಡಿದರೆ ಚರ್ಮವನ್ನು ಎಳೆದುಕೊಂಡೇ ಹೋಗುತ್ತದೆ. ಮುಖಕ್ಕೆ ಬಡಿದರೆ ಏನಾಗುತ್ತದೆಂದು ಹೇಳುವುದಿಲ್ಲ, ಊಟದ ಹೊತ್ತು. ಚೆಂಡು ಕೈಬಿಟ್ಟ ಮೇಲೆ ನೋಡಿ ತಡೆಯುತ್ತೇನೆ ಎನ್ನುವ ಗೋಲ್‌ಕೀಪರ್ ಬಲೆಯಿಂದ ಚೆಂಡು ಹೆಕ್ಕುತ್ತಲೇ ಇರಬೇಕಾಗುತ್ತದೆ. ಕೈಬಿಡುವ ಮೊದಲೇ ಓದಬೇಕು: ಭುಜ ಎಷ್ಟು ತೆರೆದಿದೆ, ಮಣಿಕಟ್ಟು ಎತ್ತ ಮಡಚಿದೆ, ಈಕೆ ಹೋದ ಸಲ ಇದೇ ಜಾಗದಿಂದ ಎತ್ತ ಎಸೆದಿದ್ದಳು, ನಾನು ಅದನ್ನು ನೆನಪಿಟ್ಟುಕೊಂಡಿದ್ದೇನೆಂದು ಆಕೆಗೂ ನೆನಪಿದೆಯೇ.

ಅಂಕಣದ ಅಂಚಿನಲ್ಲಿ ಆಡುವ ವಿಂಗ್ ಆಟಗಾರ್ತಿ ಮೂಲೆಯಿಂದ ಹಾರಿ ಬರುವಾಗ ಲುಂಡೆಯನ್ನು ಒಮ್ಮೆ ನಿಧಾನಗತಿಯಲ್ಲಿ ನೋಡಿ. ಗೆರೆಗೆ ಅಂಟಿಕೊಂಡು ನಿಲ್ಲುವುದಿಲ್ಲ. ಒಂದು ಹೆಜ್ಜೆ, ಅರ್ಧ ಹೆಜ್ಜೆ ಮುಂದೆ ಬರುತ್ತಾಳೆ. ಹತ್ತಿರದ ಕಂಬದ ಕಡೆ ಒಂಚೂರು ಸಂದು ಬಿಡುತ್ತಾಳೆ. ಹಾರಿದವಳ ಕಣ್ಣು ಆ ಸಂದಿಗೆ ಹೋಗುತ್ತದೆ. ಹೋಗಲೆಂದೇ ಬಿಟ್ಟದ್ದು. ಎಸೆಯುವ ಹೊತ್ತಿಗೆ ಅಲ್ಲಿ ಒಂದು ಕಾಲು ಸೊಂಟದೆತ್ತರಕ್ಕೆ ಎದ್ದು ನಿಂತಿರುತ್ತದೆ, ಅದರ ಮೇಲೆ ಒಂದು ಕೈ. ಚೆಂಡು ಮೊಣಕಾಲಿಗೋ ಪಾದಕ್ಕೋ ತಗುಲಿ ಹೊರಗೆ. ಇದು ವಯಸ್ಸಿನ ‘ಹೊರತಾಗಿಯೂ’ ಆಗುವ ಕೆಲಸವಲ್ಲ. ಸಾವಿರಾರು ತೋಳುಗಳನ್ನು ಓದಿದ ಮೇಲೆ ಬರುವ ವಿದ್ಯೆ. ಇಪ್ಪತ್ತರ ಹುಡುಗಿಯ ಕಾಲು ಇನ್ನೂ ಬೇಗ ಏಳಬಹುದು, ಆದರೆ ಎಲ್ಲಿ ಏಳಬೇಕೆಂದು ಕಾಲಿಗೆ ಯಾರು ಹೇಳುವುದು?

ಇನ್ನು ‘ನಿಂತೇ ಇರುವುದು’. ನಾರ್ವೆಯ ಆಟವೇ ಓಟದ ಆಟ. ಚೆಂಡು ತಡೆದ ಮರುಕ್ಷಣ ಗೋಲ್‌ಕೀಪರ್ ಅದನ್ನು ಇಡೀ ಮೈದಾನ ದಾಟಿಸಿ, ಆಗಲೇ ಓಡತೊಡಗಿರುವ ವಿಂಗ್ ಆಟಗಾರ್ತಿಯ ಕೈಗೆ ಇಡಬೇಕು. ಒಂದು ಕಾಲಕ್ಕೆ ಲಿನ್-ಕ್ರಿಸ್ಟಿನ್ ರೀಗೆಲ್‌ಹುತ್, ಆಮೇಲೆ ಕಮಿಲ್ಲಾ ಹೆರೆಮ್ ಹೊಡೆದ ಅದೆಷ್ಟೋ ಸುಲಭದ ಗೋಲುಗಳು ಹೀಗೆ ಹಿಂದಿನಿಂದ ಹಾರಿ ಬಂದ ಚೆಂಡಿನಿಂದ ಆದವು. ವಿಡಿಯೊದಲ್ಲಿ ಅವು ‘ಗೋಲು’ಗಳಾಗಿ ಇರುತ್ತವೆ, ತಡೆದು ಎಸೆದವಳು ಚೌಕಟ್ಟಿನ ಆಚೆ. ಅದು ಸಾಲದೆಂದು 2016ರಲ್ಲಿ ನಿಯಮ ಬದಲಾಯಿತು. ದಾಳಿಗೆ ಹೋಗುವಾಗ ಗೋಲ್‌ಕೀಪರನ್ನು ಹೊರಗೆ ಕರೆದು, ದಾಳಿಯ ಆರು ಜನರ ಜೊತೆಗೆ ಏಳನೆಯ ಆಟಗಾರ್ತಿಯನ್ನು ಇಳಿಸುವುದು ಸಲೀಸಾಯಿತು. ಅಂದರೆ ಗೋಲ್‌ಕೀಪರ್ ಬೆಂಚಿಗೆ ಓಡಬೇಕು, ಚೆಂಡು ಕೈತಪ್ಪಿತೋ ಖಾಲಿ ಗೋಲಿನತ್ತ ಜೀವ ಬಿಟ್ಟು ವಾಪಸು ಓಡಬೇಕು. ಹೆಚ್ಚಿನ ಆಟಗಾರ್ತಿಯರು ಆಟ ಬಿಡುವ ಮೂವತ್ತಾರರ ವಯಸ್ಸಿನಲ್ಲಿ ಲುಂಡೆಗೆ ಈ ಹೊಸ ಕೆಲಸ ತಲೆಗೆ ಕಟ್ಟಿದರು. ಒಂಬತ್ತು ವರ್ಷ ಓಡಿದಳು. ನಿಲ್ಲುವವರಿಗೇನು, ಅಲ್ಲವೇ ಸರ್?

ನನ್ನ ಕಥೆ ಗೊತ್ತಿರುವವರಿಗೆ ಈ ಸಿಟ್ಟು ಎಲ್ಲಿಂದ ಬರುತ್ತದೆಂದೂ ಗೊತ್ತು. ವಿಶ್ವವಿದ್ಯಾಲಯದ ತಂಡಕ್ಕೆ ನಾನೂ ಗೋಲು ಕಾಯ್ದವಳೇ. ಮಣ್ಣಿನ ಅಂಕಣ, ಗೋಲಿಗೆ ಬಲೆಯಿಲ್ಲ. ಗೋಲಾದರೆ ಚೆಂಡು ಹಿಂದಿನ ಚರಂಡಿಗೆ ಹೋಗುತ್ತಿತ್ತು, ತರುವುದು ಗೋಲ್‌ಕೀಪರ್ ಕೆಲಸ. ಹಾಗಾಗಿ ನನಗೆ ಚೆಂಡು ತಡೆಯುವುದಕ್ಕೆ ದೇಶಭಕ್ತಿ, ಕಾಲೇಜಿನ ಮಾನ ಯಾವುದೂ ಬೇಕಿರಲಿಲ್ಲ, ಚರಂಡಿ ಸಾಕಿತ್ತು. ಊರಲ್ಲಿ ಕೇಳಿದವರಿಗೆ ಹ್ಯಾಂಡ್‌ಬಾಲ್ ಎಂದರೆ “ವಾಲಿಬಾಲಾ?” ಎನ್ನುತ್ತಿದ್ದರು. ಹೌದು ಎನ್ನುತ್ತಿದ್ದೆ, ವಿವರಿಸುವ ತಾಳ್ಮೆ ಆಗಲೂ ಇರಲಿಲ್ಲ.

ಇನ್ನೊಂದು ಮಾತು. ನಾನೂ 1980ರವಳು. ಲುಂಡೆಯ ಮೇಲೆ ನನಗಿರುವುದು ಬರೀ ಅಭಿಮಾನವಲ್ಲ, ಹೊಟ್ಟೆಕಿಚ್ಚು. ಶುದ್ಧ ಹೊಟ್ಟೆಕಿಚ್ಚು. ನನ್ನ ಆಟ ಯಾರೂ ಬಿಡಿಸಲಿಲ್ಲ, ಅಪ್ಪನೂ ಅಲ್ಲ, ಗಂಡನೂ ಅಲ್ಲ. ಕೆಲಸ ಸಿಕ್ಕಿತು, ಸಂಬಳ ಬಂತು, ಹಾಯಾಗಿತ್ತು, ಬಿಟ್ಟೆ. ಹಾಗಾಗಿ ‘ಅವಕಾಶ ಸಿಕ್ಕಿದ್ದರೆ ನಾನೂ’ ಎಂಬ ಹಾಡು ಹಾಡಲು ಬಾಯಿ ಬರುವುದಿಲ್ಲ. ಆಕೆ ಬಿಡಲಿಲ್ಲ, ಅಷ್ಟೇ. 2015ರಲ್ಲಿ ಲುಂಡೆಗೆ ಮಗಳು ಹುಟ್ಟಿದಳು; ಲುಂಡೆ ರಷ್ಯಾದ ರೊಸ್ತೋವ್ ತಂಡ ಸೇರಿದಳು, ಮರುವರ್ಷ ರಿಯೊ ಒಲಿಂಪಿಕ್ಸಿನಲ್ಲಿದ್ದಳು. ಅಲ್ಲಿ ಸೆಮಿಫೈನಲ್ಲಿನಲ್ಲಿ ಹೆಚ್ಚುವರಿ ಸಮಯದ ನಂತರ ರಷ್ಯಾಕ್ಕೆ 38–37ರಿಂದ ಸೋತರು. ಮೂವತ್ತೆಂಟು ಗೋಲು! ಯಾವ ಗೋಲ್‌ಕೀಪರಿಗೂ ಅಂಥ ರಾತ್ರಿ ಬೇಡ.

2017ರಲ್ಲಿ ಊರಿಗೆ ಮರಳಿ ವೈಪರ್ಸ್ ಸೇರಿದಾಗ, ಆಯಿತು, ಇನ್ನು ಊರಲ್ಲಿ ಎರಡು ವರ್ಷ ಆಡಿ ಕೈ ಬೀಸುತ್ತಾಳೆ ಎಂದುಕೊಂಡವರಲ್ಲಿ ನಾನೂ ಇದ್ದೆ. ಯುರೋಪಿನ ಕಪ್ಪನ್ನು ಅದುವರೆಗೆ ಮುಟ್ಟಿಯೂ ನೋಡಿರದ ಆ ಕ್ಲಬ್ಬು 2021, 2022, 2023, ಸಾಲಾಗಿ ಮೂರು ವರ್ಷ ಚಾಂಪಿಯನ್ಸ್ ಲೀಗ್ ಗೆದ್ದಿತು. ಆಮೇಲೆ ದುಡ್ಡಿನ ಬಾಬತ್ತು ಕೆಟ್ಟು 2025ರ ಜನವರಿಯಲ್ಲಿ ದಿವಾಳಿಯೆದ್ದು ಬಾಗಿಲು ಹಾಕಿತು. ಆಗ ಆಕೆಗೆ ನಲವತ್ತನಾಲ್ಕು, ಕೈಯಲ್ಲಿ ಕ್ಲಬ್ಬಿಲ್ಲ. ನಾನಾಗಿದ್ದರೆ ಅದನ್ನೇ ದೇವರ ಸೂಚನೆಯೆಂದು ಹೇಳಿ ಕುರ್ಚಿಗೆ ಒರಗುತ್ತಿದ್ದೆ. ಆಕೆ ಡೆನ್ಮಾರ್ಕಿನ ಓಡೆನ್ಸಗೆ ಹೋದಳು, ಅಲ್ಲಿಂದ ಸರ್ಬಿಯಾದ ಬೆಲ್‌ಗ್ರೇಡಿಗೆ.

ಈಗ ಯಾರಾದರೂ ಕೇಳಿಯೇ ಕೇಳುತ್ತೀರಿ: ವಯಸ್ಸಿನ ಬಗ್ಗೆ ಹೇಳಿದರೆ ತಪ್ಪೇನು, ಅದು ನಿಜವೇ ತಾನೇ, ಧೋನಿಯ ವಿಷಯದಲ್ಲೂ ಹೇಳುವುದಿಲ್ಲವೇ? ಸರಿ, ಹೇಳುತ್ತೀರಿ. ಆದರೆ ಧೋನಿಯ ಪ್ರತಿಯೊಂದು ಸ್ಟಂಪಿಂಗನ್ನೂ ಮೊದಲು ಹತ್ತು ಕೋನಗಳಿಂದ ತೋರಿಸಿ, ಸೆಕೆಂಡಿನ ಎಷ್ಟನೆಯ ಒಂದು ಭಾಗದಲ್ಲಿ ಬೇಲ್ಸ್ ಹಾರಿತು ಎಂದು ಲೆಕ್ಕ ಹಾಕಿ, ಆಮೇಲೆ ವಯಸ್ಸಿಗೆ ಬರುತ್ತೀರಿ. ‘ಒಂದು ಮಗುವಿನ ತಂದೆಯಿಂದ ಅದ್ಭುತ ಸ್ಟಂಪಿಂಗ್’ ಎಂಬ ಶೀರ್ಷಿಕೆ ಎಲ್ಲಾದರೂ ಕಂಡರೆ ನನಗೆ ಕಳುಹಿಸಿ, ಫ್ರೇಮ್ ಹಾಕಿಸುತ್ತೇನೆ.

ಹಾಗೆಂದು ಆಕೆ ಒಬ್ಬಳೇ ಗೋಲು ಕಾಯ್ದಳು ಎಂದೂ ನಾನು ಹೇಳುವುದಿಲ್ಲ. ಒಂದು ಕಾಲಕ್ಕೆ ಕಾರಿ ಓಲ್ವಿಕ್ ಗ್ರಿಮ್ಸ್‌ಬೋ ಇದ್ದಳು, ಆಮೇಲೆ ಸಿಲ್ಯೆ ಸೂಲ್‌ಬರ್ಗ್. ಇಬ್ಬರೂ ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಹದಿನೈದು ವರ್ಷ ಕಣ್ಣು ಮುಚ್ಚಿ ಮೊದಲ ಗೋಲ್‌ಕೀಪರ್ ಆಗಿರುತ್ತಿದ್ದರು. ಸಿಲ್ಯೆಗೂ ಅವಳಿ ಸಹೋದರಿ ಇದ್ದಾಳೆ, ಸನ್ನಾ, ಆಕೆಯೂ ತಂಡದಲ್ಲಿ ವಿಂಗ್ ಆಟಗಾರ್ತಿಯಾಗಿ ಆಡಿದವಳು. (ನಾರ್ವೆಯ ನೀರಿನಲ್ಲಿ ಏನಿದೆಯೋ, ಅದೇ ತಂಡಕ್ಕೆ ಆಡಿದ ನೋರಾ ಮೋರ್ಕ್ ಕೂಡ ಅವಳಿಯೇ.) ಸ್ವೀಡನ್ನಿನ ಹಳೆಯ ಗೋಲ್‌ಕೀಪರ್ ಮ್ಯಾಟ್ಸ್ ಓಲ್ಸನ್ ಬಹುಕಾಲ ಈ ಹುಡುಗಿಯರನ್ನು ತಿದ್ದಿದರು. ಗೋಲು ಕಾಯುವುದಕ್ಕೇ ಬೇರೆ ಗುರು ಬೇಕೆಂದು ಒಪ್ಪಿಕೊಂಡ ದೇಶ ಅದು. ಹಾಗೆ ಕಲಿತವರ ನಡುವೆ, ಬೆಂಚಿನಲ್ಲಿ ಅಷ್ಟು ಒಳ್ಳೆಯವಳೊಬ್ಬಳು ಸದಾ ಎದ್ದು ಬರಲು ಕಾದಿರುವಾಗ, ಎರಡು ದಶಕ ಜಾಗ ಉಳಿಸಿಕೊಳ್ಳುವುದನ್ನು ‘ಇನ್ನೂ ಆಡುತ್ತಿದ್ದಾಳೆ’ ಎಂದು ಕರೆಯುವುದೇ?

ಪ್ಯಾರಿಸ್ ಒಲಿಂಪಿಕ್ಸನ್ನೇ ತೆಗೆದುಕೊಳ್ಳಿ. ಮೊದಲ ಪಂದ್ಯದಲ್ಲಿ ಸ್ವೀಡನ್ ಎದುರು ನಾರ್ವೆ 32 ಗೋಲು ತಿಂದು ಸೋತಿತು. ಸೆಮಿಫೈನಲ್ಲಿನಲ್ಲಿ ಡೆನ್ಮಾರ್ಕ್ ಹೊಡೆದದ್ದು 21. ಫೈನಲ್ಲಿನಲ್ಲಿ ಫ್ರಾನ್ಸ್, ತವರಿನ ಜನ, ಲೀಲ್‌ನ ಕಿಕ್ಕಿರಿದ ಕ್ರೀಡಾಂಗಣ, ಅಲ್ಲೂ 21. ಒಂದು ತಂಡ ಮೂವತ್ತು ಗೋಲು ಹೊಡೆಯುವುದು ಮಾಮೂಲಿಯಾದ ಆಟದಲ್ಲಿ ಇದು ಹೇಗಾಯಿತೆಂದು ನಮ್ಮ ಪತ್ರಿಕೆಗಳಲ್ಲಿ ಹುಡುಕಿದೆ. ಹುಡುಕಿದ್ದಷ್ಟೇ ಬಂತು. ನಾರ್ವೆ ಹೊಡೆದ 29 ಗೋಲುಗಳ ಬಗ್ಗೆ ಎರಡು ಸಾಲು ಇತ್ತು.

ಇನ್ನು ಆಕೆಯ ಸ್ವಭಾವ. ಶಾಂತಮೂರ್ತಿ, ಅನುಭವದ ಗಣಿ ಎಂದೆಲ್ಲ ಬರೆಯುವವರು ಆಕೆಯ ಒಂದು ಪಂದ್ಯವನ್ನೂ ಪೂರ್ತಿ ನೋಡಿಲ್ಲ. ಚೆಂಡು ತಡೆದ ಮೇಲೆ ಮುಷ್ಟಿ ಬಿಗಿದು, ಕತ್ತಿನ ನರ ಉಬ್ಬಿಸಿ ಕೂಗುತ್ತಾಳೆ. ತಮ್ಮವರು ಅಡ್ಡ ನಿಲ್ಲಬೇಕಾದ ಕಡೆ ನಿಲ್ಲದೆ ಚೆಂಡು ಒಳಹೊಕ್ಕರೆ ಕೈ ಚಾಚಿ ಬೈಯುತ್ತಾಳೆ. ನನಗೆ ಆಕೆ ಇಷ್ಟವಾದದ್ದೇ ಇದಕ್ಕೆ. ಹೆಂಗಸರು ಗೆದ್ದಾಗ ಕಣ್ಣೀರು ಹಾಕಬೇಕು, ನಲವತ್ತಾದ ಮೇಲೆ ಮುಗುಳ್ನಗಬೇಕು ಎಂದುಕೊಂಡವರಿಗೆ ಆ ಕೂಗು ಹಿಡಿಸುವುದಿಲ್ಲ. ಆ ವಿಡಿಯೊ ಮಾಡಿದವರಿಗೂ ಹಿಡಿಸಿಲ್ಲ. ಅವರು ಆರಿಸಿಕೊಂಡದ್ದು ಆಕೆ ನಗುತ್ತಿರುವ ಮುಖ.

ರಾಟರ್‌ಡ್ಯಾಮ್ ಆಕೆಯ ದೇಶದ ಜೆರ್ಸಿಯ ಕೊನೆಯ ಪಂದ್ಯವಾಗಿತ್ತು. ಇಡೀ ಪಂದ್ಯ ಸಿಕ್ಕರೆ ನೋಡಿ. ಚೆಂಡನ್ನು ಬಿಟ್ಟು ನಾರ್ವೆಯ ಗೋಲಿನತ್ತಲೇ ಕಣ್ಣಿಡಿ. ನೋಡಿದ ಮೇಲೂ ಕೆಳಗೆ ‘ಈ ವಯಸ್ಸಿನಲ್ಲೂ’ ಎಂದು ಬರೆಯುವ ಆಸೆಯಾದರೆ ಬರೆಯಿರಿ, ಅಳಿಸಿ ಹಾಕಲು ನನಗೇನೂ ಸೋಮಾರಿತನವಿಲ್ಲ.